ಮಾರಿಷಸ್‌ಗೆ ಹೋದಾಗ ಲೆ ಮೋರ್ನ್ ಬೆಟ್ಟವನ್ನು ಬರೀ ಬೀಚಿನಿಂದ ನೋಡಿ ಬರಬೇಡಿ

ಪ್ರಶ್ನೆ: ನಾವು ಶಿರಸಿಯವರು. ದಸರಾ ರಜೆಯಲ್ಲಿ ನಮ್ಮ ಯಜಮಾನರು, ನಾನು, ಕಾಲೇಜಿನಲ್ಲಿ ಓದುವ ಮಗಳು ಮಾರಿಷಸ್‌ಗೆ ಒಂದು ವಾರದ ಪ್ಯಾಕೇಜ್ ತಗೊಂಡಿದ್ದೇವೆ. ಮಗಳು ಯಲ್ಲಾಪುರ ಕಡೆಯ ಸಿದ್ದಿ ಜನರ ಬಗ್ಗೆ ಪ್ರಾಜೆಕ್ಟ್ ಮಾಡಿದವಳು. ‘ಅಲ್ಲೂ ಆಫ್ರಿಕಾ ಮೂಲದ ಜನ ಇದ್ದಾರೆ, ಅವರ ಇತಿಹಾಸ ನೋಡದೆ ಬರೋದಿಲ್ಲ’ ಅಂತ ಹಟ ಹಿಡಿದಿದ್ದಾಳೆ. ಪ್ಯಾಕೇಜಿನಲ್ಲಿ ಬೀಚು, ಗಂಗಾ ತಲಾವ್, ಹೋಟೆಲಿನಲ್ಲಿ ಒಂದು ಸೆಗಾ ಕುಣಿತ, ಇಷ್ಟೇ ಇದೆ. ನಿಜವಾಗಿ ನೋಡುವಂಥದ್ದು ಏನಿದೆ? ಬೇರೆಯವರ ನೋವಿನ ಜಾಗಕ್ಕೆ ಪಿಕ್‌ನಿಕ್ ಹೋದಂತಾಗುತ್ತದಾ ಅನ್ನುವ ಅಳುಕೂ ಇದೆ. ನಾವು ಸಸ್ಯಾಹಾರಿಗಳು.

ಉತ್ತರ: ನಿಮ್ಮ ಮಗಳು ಹಟ ಹಿಡಿದದ್ದು ಒಳ್ಳೆಯದೇ ಆಯಿತು. ಮಾರಿಷಸ್‌ಗೆ ಹೋಗುವ ನಮ್ಮವರಲ್ಲಿ ಬಹಳ ಮಂದಿ ಆ ದ್ವೀಪದ ಅರ್ಧ ಕಥೆ ಕೇಳದೆಯೇ ವಾಪಸ್ ಬರುತ್ತಾರೆ. ಅವರದ್ದೇನೂ ತಪ್ಪಿಲ್ಲ, ಪ್ಯಾಕೇಜುಗಳನ್ನು ಕಟ್ಟಿರುವುದೇ ಹಾಗೆ. ಎಲ್ಲಿ ನೋಡಿದರೂ ಗುಡಿ, ಎಲ್ಲಿ ಹೋದರೂ ಭಾರತದ ಹೆಸರಿನವರು. ‘ಓ, ಇದು ಚಿಕ್ಕ ಭಾರತ’ ಅಂದುಕೊಂಡು ಖುಷಿಯಾಗಿಬಿಡುತ್ತೇವೆ. ಜನಸಂಖ್ಯೆಯಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಭಾರತ ಮೂಲದವರು ಅನ್ನುವುದು ನಿಜವೇ. ಆದರೆ ನಮ್ಮ ಕೂಲಿಯಾಳುಗಳು ಅಲ್ಲಿ ಹಡಗಿನಿಂದ ಇಳಿಯುವ ನೂರು ವರ್ಷ ಮೊದಲೇ ಆ ದ್ವೀಪದ ಕಾಡು ಕಡಿದು, ರಸ್ತೆ ಹಾಕಿ, ಬಂದರು ಕಟ್ಟಿದವರು ಬೇರೆ. ಅವರನ್ನು ಮೊಜಾಂಬಿಕ್, ಮಡಗಾಸ್ಕರ್ ಮತ್ತು ಪೂರ್ವ ಆಫ್ರಿಕಾದ ಕರಾವಳಿಯಿಂದ ಹಿಡಿದು ತಂದು ಗುಲಾಮರನ್ನಾಗಿ ಮಾಡಿದ್ದರು. ಇವತ್ತು ಅವರ ಮಕ್ಕಳು, ಮೊಮ್ಮಕ್ಕಳನ್ನು ಕ್ರಿಯೋಲ್ ಜನ ಅನ್ನುತ್ತಾರೆ.

ಇತಿಹಾಸ ಚಿಕ್ಕದಾಗಿ ಹೇಳುತ್ತೇನೆ, ಇದು ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ. ಆ ದ್ವೀಪಕ್ಕೆ ಮೂಲನಿವಾಸಿಗಳೇ ಇರಲಿಲ್ಲ. 1638ರಲ್ಲಿ ಡಚ್ಚರು ಬಂದು ನೆಲೆಸಿದರು, 1710ರಲ್ಲಿ ಬಿಟ್ಟು ಹೋದರು. ಆಮೇಲೆ ಫ್ರೆಂಚರು. 1810ರಲ್ಲಿ ಬ್ರಿಟಿಷರು ಗೆದ್ದುಕೊಂಡರು. ಗುಲಾಮರ ವ್ಯಾಪಾರ ಜೋರಾಗಿ ನಡೆದದ್ದು ಫ್ರೆಂಚರ ಕಾಲದಲ್ಲಿ. 18ನೇ ಶತಮಾನ ಮುಗಿಯುವ ಹೊತ್ತಿಗೆ ದ್ವೀಪದ ಹತ್ತು ಜನರಲ್ಲಿ ಎಂಟು ಮಂದಿ ಗುಲಾಮರಾಗಿದ್ದರು. ಅವರಿಗಾಗಿ ಫ್ರೆಂಚರು 1723ರಲ್ಲಿ ಒಂದು ಕಾನೂನು ಮಾಡಿದ್ದರು. ತಪ್ಪಿಸಿಕೊಂಡು ಒಂದು ತಿಂಗಳು ಸಿಗದಿದ್ದರೆ ಕಿವಿ ಕತ್ತರಿಸಿ ಹೆಗಲಿಗೆ ಬರೆ ಹಾಕುವುದು. ಎರಡನೇ ಸಲ ಓಡಿದರೆ ಮಂಡಿಯ ಹಿಂದಿನ ನರ ಕತ್ತರಿಸುವುದು. ಮೂರನೇ ಸಲಕ್ಕೆ ಸಾವು. ಇಷ್ಟಿದ್ದರೂ ಅವರು ಓಡುತ್ತಲೇ ಇದ್ದರು. ಓಡಿಹೋದವರನ್ನು ಮರೂನರು ಅನ್ನುತ್ತಾರೆ.

ನಿಮ್ಮ ಪ್ರವಾಸಕ್ಕೆ ಈ ಓಡಿಹೋದವರ ಜಾಗವೇ ನಡುಗಂಬವಾಗಲಿ. ಅದು ದ್ವೀಪದ ನೈಋತ್ಯ ತುದಿಯಲ್ಲಿರುವ ಲೆ ಮೋರ್ನ್ ಬೆಟ್ಟ.

ನೀವು ಈಗಾಗಲೇ ಅದನ್ನು ನೋಡಿರುತ್ತೀರಿ. ನೀಲಿ ನೀರಿನ ಹಿಂದೆ ಕಡಿದಾದ ಕಪ್ಪು ಬಂಡೆ ಎದ್ದು ನಿಂತಿರುವ ಫೋಟೋ ಪ್ರತಿಯೊಂದು ಬ್ರೋಷರಿನಲ್ಲೂ ಇರುತ್ತದೆ. ಎತ್ತರ 556 ಮೀಟರ್. ಸುತ್ತ ಮೂರು ಕಡೆ ಸಮುದ್ರ. ಗೋಡೆಯಂಥ ಬಂಡೆ, ಮೇಲೆ ಹೋಗಲು ದಾರಿ ಬಹಳ ಕಡಿಮೆ. ಹಾಗಾಗಿಯೇ ಮರೂನರು ಅದನ್ನು ಆರಿಸಿಕೊಂಡರು. ಅಲ್ಲಿನ ಗುಹೆಗಳಲ್ಲಿ ಜನ ಇದ್ದ ಗುರುತುಗಳು ಸಿಕ್ಕಿವೆ. ಈಗ ಬೆಟ್ಟದ ಬುಡದಲ್ಲಿ ದುಬಾರಿ ರೆಸಾರ್ಟುಗಳಿವೆ. ಗಾಳಿಪಟ ಕಟ್ಟಿಕೊಂಡು ನೀರಿನ ಮೇಲೆ ಜಾರುವವರು ಪ್ರಪಂಚದ ಎಲ್ಲ ಕಡೆಯಿಂದ ಬರುತ್ತಾರೆ. ಹೆಲಿಕಾಪ್ಟರಿನಿಂದ ನೋಡಿದರೆ ‘ನೀರೊಳಗಿನ ಜಲಪಾತ’ದಂತೆ ಕಾಣುವ ಜಾಗವನ್ನೂ ಅಲ್ಲೇ ತೋರಿಸುತ್ತಾರೆ. ಬೆಟ್ಟದ ನೆರಳಿನಲ್ಲೇ ಒಂದು ವಾರ ಕಳೆದು, ಆ ಬೆಟ್ಟ ಏನು ಅಂತ ಯಾರೂ ಹೇಳದೆ ವಾಪಸ್ ಬಂದವರು ನನಗೆ ಎಷ್ಟೋ ಜನ ಸಿಕ್ಕಿದ್ದಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕ್ರಿಯೋಲ್ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಕಥೆಯೊಂದಿದೆ. 1835ರ ಫೆಬ್ರವರಿ 1ರಂದು ಮಾರಿಷಸ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಆ ಸುದ್ದಿ ಹೇಳಲು ಪೊಲೀಸರ ಒಂದು ತಂಡ ಬೆಟ್ಟದ ಕಡೆ ಬಂತಂತೆ. ಮೇಲಿದ್ದವರಿಗೆ ಕಂಡದ್ದು ಬಂದೂಕು ಮತ್ತು ಸಮವಸ್ತ್ರ. ಮತ್ತೆ ಹಿಡಿಯಲು ಬಂದರು ಅಂದುಕೊಂಡು, ಸಂಕೋಲೆಗಿಂತ ಸಾವೇ ವಾಸಿ ಅಂತ ಬಂಡೆಯಿಂದ ಹಾರಿಬಿಟ್ಟರಂತೆ. ಇದು ಹಾಗೆಯೇ ನಡೆಯಿತು ಅಂತ ತೋರಿಸುವ ಸರ್ಕಾರಿ ಕಾಗದ ಬೇಕು ಅಂತ ಅಲ್ಲಿನವರ ಹತ್ತಿರ ವಾದಕ್ಕೆ ಇಳಿಯಬೇಡಿ. ಕಾಗದಗಳನ್ನೆಲ್ಲ ಬರೆದವರು ಯಜಮಾನರು. ಓಡಿಹೋದವರ ನೆನಪು ಉಳಿದದ್ದು ಹಾಡು, ಕಥೆಗಳಲ್ಲೇ. 2008ರಲ್ಲಿ ಯುನೆಸ್ಕೊ ಈ ಬೆಟ್ಟವನ್ನು ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿತು. ಫೆಬ್ರವರಿ 1 ಇವತ್ತಿಗೂ ಅಲ್ಲಿ ರಾಷ್ಟ್ರೀಯ ರಜೆ.

ಹತ್ತುವ ವಿಷಯಕ್ಕೆ ಬರೋಣ. ಕೆಳಗಿನ ದಾರಿ ಅಗಲವಾಗಿದೆ, ನಿಧಾನಕ್ಕೆ ಏರುತ್ತದೆ. ಮೂವರೂ ಆರಾಮಾಗಿ ನಡೆಯಬಹುದು. ಸುಮಾರು ಅರ್ಧ ಎತ್ತರಕ್ಕೆ ಹೋದರೆ ಕಡಲು, ಹವಳದ ದಿಬ್ಬದ ಗೆರೆ, ಅದರಾಚೆಯ ಕಡುನೀಲಿ ಎಲ್ಲ ಕಾಣುತ್ತವೆ. ಅಲ್ಲಿಂದ ಮೇಲೆ ಕೈಕಾಲು ಎರಡೂ ಊರಿಕೊಂಡು ಹತ್ತಬೇಕಾದ ಬಂಡೆ. ಮಗಳಿಗೆ ಅಭ್ಯಾಸವಿದ್ದರೆ ಗೈಡ್ ಜೊತೆ ಹೋಗಲಿ, ಮಳೆ ಬಿದ್ದಿದ್ದರೆ ಬೇಡವೇ ಬೇಡ. ಪೂರ್ತಿ ಹೋಗಿ ಬರಲು ಮೂರು-ನಾಲ್ಕು ಗಂಟೆ ಬೇಕು. ಬಿಸಿಲೇರುವ ಮುಂಚೆ, ಬೆಳಗ್ಗೆ ಬೇಗ ಶುರು ಮಾಡಿ. ಹಿಡಿತ ಇರುವ ಶೂ ಹಾಕಿ, ಚಪ್ಪಲಿ ನಡೆಯೋದಿಲ್ಲ. ನೀರು ಜಾಸ್ತಿ ಇಟ್ಟುಕೊಳ್ಳಿ. ಗಿಡ ಕೀಳಬೇಡಿ. ಮಾರಿಷಸ್‌ನ ರಾಷ್ಟ್ರೀಯ ಹೂವಿನ ಗಿಡ ಕಾಡಿನಲ್ಲಿ ತಾನಾಗಿ ಬೆಳೆಯುವುದು ಈ ಬೆಟ್ಟದ ಮೇಲೆ ಮಾತ್ರ.

ಹತ್ತಲು ಆಗದಿದ್ದರೂ ಬೇಜಾರು ಬೇಡ. ಬೆಟ್ಟದ ಬುಡದಲ್ಲಿ, ಸಮುದ್ರದ ದಂಡೆಯಲ್ಲೇ ಗುಲಾಮರ ಸ್ಮಾರಕವಿದೆ. ಗುಲಾಮರನ್ನು ಎಲ್ಲೆಲ್ಲಿಂದ ತಂದರು ಅನ್ನುವುದನ್ನು ನೆನಪಿಸುವ ಕಲ್ಲಿನ ಶಿಲ್ಪಗಳು ಬಯಲಿನಲ್ಲಿ ನಿಂತಿವೆ. ಬಂಡೆಗೋಡೆ ತಲೆಯ ಮೇಲೇ ಇದೆ ಅನ್ನಿಸುತ್ತದೆ. ಅಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂತುಕೊಳ್ಳಿ. ಪ್ಯಾಕೇಜಿನ ‘ದಕ್ಷಿಣ ದ್ವೀಪ’ ಪ್ರವಾಸದಲ್ಲಿ ಶಮರೆಲ್ ಅನ್ನುವ ಊರಿನ ಬಣ್ಣದ ಮಣ್ಣನ್ನು ತೋರಿಸುತ್ತಾರೆ. ಅಲ್ಲಿಂದ ಲೆ ಮೋರ್ನ್ ದೂರವಿಲ್ಲ. ಹಿಂದಿನ ದಿನವೇ ಡ್ರೈವರಿಗೆ ಹೇಳಿಟ್ಟರೆ ಕರೆದುಕೊಂಡು ಹೋಗುತ್ತಾರೆ. ಆದರೆ ನನ್ನ ಸಲಹೆ ಕೇಳಿದರೆ, ಒಂದು ದಿನ ಬೀಚನ್ನು ಬಿಟ್ಟು ಇದಕ್ಕೇ ಇಡಿ. ಲೆ ಮೋರ್ನ್ ಹಳ್ಳಿಯಲ್ಲಿ ಹುಟ್ಟಿ ಬೆಳೆದ ಗೈಡ್ ಸಿಗುತ್ತಾರಾ ವಿಚಾರಿಸಿ. ಬೆಟ್ಟದ ಕಥೆಯನ್ನು ಆ ಊರಿನವರ ಬಾಯಿಂದ ಕೇಳುವುದೇ ಬೇರೆ. ದುಡ್ಡೂ ಅವರ ಕೈಗೇ ಸೇರುತ್ತದೆ.

ಇಲ್ಲಿ ನಿಮ್ಮ ಮಗಳಿಗೆ ಒಂದು ಮಾತು. ಸಿದ್ದಿಗಳ ಹಿರಿಯರಲ್ಲಿ ಬಹಳ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲ, ಮುಂಡಗೋಡದ ಕಾಡಿನಂಚಿನ ಊರುಗಳಲ್ಲಿ ಇವತ್ತು ಇರುವವರು ಅವರ ಸಂತಾನ. ಲೆ ಮೋರ್ನ್‌ನಲ್ಲಿ ಬೆಟ್ಟ, ಇಲ್ಲಿ ಘಟ್ಟದ ಕಾಡು. ಎರಡನ್ನೂ ಹುಡುಕಿಕೊಂಡು ಹೋದವರ ಆಸೆ ಒಂದೇ, ಅಲ್ವಾ? ಅವಳು ತನ್ನ ಪ್ರಾಜೆಕ್ಟಿನಲ್ಲಿ ತಿಳಿದುಕೊಂಡದ್ದನ್ನು ಅಲ್ಲಿನ ಗೈಡ್ ಹತ್ತಿರ ಹೇಳಲಿ. ಭಾರತದಲ್ಲೂ ಇಂಥ ಜನ ಇದ್ದಾರೆ ಅಂತ ಗೊತ್ತಿರದವರು ಮಾರಿಷಸ್‌ನಲ್ಲಿ ಬಹಳ. ಮಾತು ಅಲ್ಲಿಂದ ತಾನಾಗಿ ಬೆಳೆಯುತ್ತದೆ.

ಎರಡನೆಯ ಜಾಗ ರಾಜಧಾನಿ ಪೋರ್ಟ್ ಲೂಯಿಸ್. ಪ್ಯಾಕೇಜಿನವರು ಅಲ್ಲಿನ ಆಪ್ರವಾಸಿ ಘಾಟ್ ತೋರಿಸಬಹುದು, ಹಡಗಿನಲ್ಲಿ ಬಂದ ಕೂಲಿಯಾಳುಗಳನ್ನು ಇಳಿಸಿಕೊಳ್ಳುತ್ತಿದ್ದ ಹಳೆಯ ಡಿಪೋ ಅದು. 1834ರಿಂದ ಸುಮಾರು 90 ವರ್ಷಗಳಲ್ಲಿ ಬಂದ ನಾಲ್ಕೂವರೆ ಲಕ್ಷದಷ್ಟು ಭಾರತೀಯ ಕೂಲಿಯಾಳುಗಳಲ್ಲಿ ಹೆಚ್ಚಿನವರು ಆ ಡಿಪೋ ದಾಟಿಯೇ ಒಳಗೆ ಹೋದರು. ಅವರು ಹತ್ತಿದ 16 ಮೆಟ್ಟಿಲುಗಳು ಇನ್ನೂ ಇವೆ. ಭಾರತದಿಂದ ಹೋದವರಿಗೆ ಅಲ್ಲಿ ಗಂಟಲು ಕಟ್ಟುತ್ತದೆ. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅದರ ಪಕ್ಕದಲ್ಲೇ, ನಡೆದುಕೊಂಡು ಹೋಗುವಷ್ಟು ಹತ್ತಿರ, ಗುಲಾಮಗಿರಿಯ ಮ್ಯೂಸಿಯಂ ಇದೆ. ಇಂಟರ್‌ಕಾಂಟಿನೆಂಟಲ್ ಸ್ಲೇವರಿ ಮ್ಯೂಸಿಯಂ ಅಂತ ಹೆಸರು. ಫ್ರೆಂಚರು 1740ರ ಹೊತ್ತಿಗೆ ಕಟ್ಟಿಸಿದ ಮಿಲಿಟರಿ ಆಸ್ಪತ್ರೆಯ ಕಟ್ಟಡ ಅದು. ಗುಲಾಮರೇ ಹೊತ್ತು ತಂದು ಜೋಡಿಸಿದ ಕಲ್ಲಿನ ಗೋಡೆಗಳ ಒಳಗೇ ಅವರ ಕಥೆ ಓದುತ್ತೀರಿ. 2011ರಲ್ಲಿ ಮಾರಿಷಸ್‌ನ ಸತ್ಯ ಮತ್ತು ನ್ಯಾಯ ಆಯೋಗ ವರದಿ ಕೊಟ್ಟಿತು. ಇಂಥ ಮ್ಯೂಸಿಯಂ ಬೇಕು ಅಂತ ಆ ವರದಿ ಹೇಳಿತ್ತು. ಬಾಗಿಲು ತೆರೆದದ್ದು 2023ರಲ್ಲಿ. ನೋಡಿ, ಗುಲಾಮಗಿರಿ ಹೋದ ಎಷ್ಟು ವರ್ಷಕ್ಕೆ!

ಮ್ಯೂಸಿಯಂಗೆ ಹೋದಾಗ ಫ್ರೋಬರ್‌ವಿಲ್ ಮುಖಗಳ ಬಗ್ಗೆ ಕೇಳಿ. 1846ರಲ್ಲಿ ಯುಜೀನ್ ದ ಫ್ರೋಬರ್‌ವಿಲ್ ಎಂಬ ವಿದ್ವಾಂಸ ಮಾರಿಷಸ್‌ಗೆ ಬಂದ. ಮೊಜಾಂಬಿಕ್ ಕಡೆಯಿಂದ ಹಿಡಿದು ತಂದಿದ್ದವರನ್ನು ಕೂರಿಸಿ, ಅವರ ಊರು, ಭಾಷೆ, ಕುಲದ ವಿಷಯ ಕೇಳಿ ಬರೆದುಕೊಂಡ. ಬದುಕಿದ್ದವರ ಮುಖದ ಮೇಲೇ ಪ್ಲಾಸ್ಟರ್ ಹಾಕಿ ಅಚ್ಚು ತೆಗೆದ. ಆ ಅಚ್ಚಿನ ಮುಖಗಳ ಸಂಗ್ರಹ ಸೇರಿದ್ದು ಫ್ರಾನ್ಸಿನ ಬ್ಲುವಾ ಅರಮನೆಗೆ. ಮುಚ್ಚಿದ ಕಣ್ಣು, ಕೆನ್ನೆಯ ಮೇಲೆ ಕುಲದ ಹಚ್ಚೆಯ ಉಬ್ಬು, ಬಿಗಿದ ತುಟಿ. ಲೆಕ್ಕದ ಪುಸ್ತಕದ ಒಂದು ಸಾಲು ಬಿಟ್ಟರೆ ಹೆಚ್ಚೇನೂ ಉಳಿಯದ ಲಕ್ಷಾಂತರ ಜನರ ನಡುವೆ, ನಮಗೆ ಮುಖ ನೋಡಲು ಸಿಕ್ಕಿದ್ದು ಈ ಕೆಲವರದ್ದು. ವಿಜ್ಞಾನದ ಹೆಸರಿನಲ್ಲಿ ಜನರನ್ನು ಅಳೆಯುತ್ತಿದ್ದ ಕಾಲದ ಕೆಲಸ ಅದು, ಅದನ್ನೂ ಮರೆಯಬಾರದು.

ಘಾಟ್ ಮತ್ತು ಮ್ಯೂಸಿಯಂ ಎರಡನ್ನೂ ಒಂದೇ ಬೆಳಗ್ಗೆ ನೋಡಿ ಅಂತ ನಾನು ಹೇಳುವುದಕ್ಕೆ ಕಾರಣವಿದೆ. ಗುಲಾಮಗಿರಿ ರದ್ದಾದಾಗ ಬ್ರಿಟಿಷ್ ಸರ್ಕಾರ ಪರಿಹಾರ ಕೊಟ್ಟಿತು, ಮಾರಿಷಸ್ ಒಂದಕ್ಕೇ 20 ಲಕ್ಷ ಪೌಂಡಿಗೂ ಹೆಚ್ಚು. ಕೊಟ್ಟದ್ದು ಯಜಮಾನರಿಗೆ. ಬಿಡುಗಡೆಯಾದವರಿಗೆ ಬಿಡಿಗಾಸೂ ಇಲ್ಲ. ಮೇಲಾಗಿ 1839ರವರೆಗೆ ‘ಕೆಲಸ ಕಲಿಯುವವರು’ ಅನ್ನುವ ಹೆಸರಲ್ಲಿ ಅದೇ ಯಜಮಾನರ ಹತ್ತಿರ ದುಡಿಯಬೇಕಾಯಿತು. ಬಿಡುಗಡೆಯಾದ ಮೇಲೆ ಬಹಳ ಮಂದಿ ಕಬ್ಬಿನ ಗದ್ದೆಗೆ ಬೆನ್ನು ಹಾಕಿ ಕರಾವಳಿಗೆ, ಊರಂಚಿಗೆ ಹೋದರು. ಅವರು ಬಿಟ್ಟ ಗದ್ದೆಗೆ ಕಡಿಮೆ ಕೂಲಿಗೆ ಬಂದವರು ನಮ್ಮವರು. ಎರಡೂ ಜನರಿಗೆ ಕಷ್ಟ ಕೊಟ್ಟ ಕೈ ಒಂದೇ. ಘಾಟ್ ಮಾತ್ರ ನೋಡಿದರೆ ಇದು ಗೊತ್ತಾಗುವುದೇ ಇಲ್ಲ.

ಇನ್ನೂ ಒಂದು ವಿಷಯ ನಮ್ಮವರಿಗೆ ಗೊತ್ತಿರಬೇಕು. ಗುಲಾಮರಲ್ಲಿ ಭಾರತೀಯರೂ ಇದ್ದರು. ಮಲಬಾರ್, ಬಂಗಾಳ, ಪಾಂಡಿಚೇರಿ ಕಡೆಯಿಂದ ಹಿಡಿದು ತಂದವರು. 1695ರಲ್ಲಿ ಹಳೆಯ ಗ್ರಾಂಡ್ ಪೋರ್ಟ್‌ನ ಡಚ್ ಕೋಟೆಗೆ ಕೆಲವು ಗುಲಾಮರು ಸೇರಿ ಬೆಂಕಿ ಇಟ್ಟರು. ದ್ವೀಪವನ್ನೇ ತಮ್ಮದಾಗಿಸಿಕೊಳ್ಳಬೇಕು ಅಂತಿದ್ದರು. ಡಚ್ಚರು ಅವರನ್ನು ಹಿಡಿದು ಕೊಂದರು. ಆ ಗುಂಪಿನಲ್ಲಿ ಬಂಗಾಳದ ಅನ್ನಾ ಅನ್ನುವ ಹೆಣ್ಣುಮಗಳಿದ್ದಳು, ಮಲಬಾರಿನ ಅಂತೋನಿ ಇದ್ದ. ಆ ಕೋಟೆ ಇದ್ದ ಜಾಗದಲ್ಲಿ ಈಗ ಫ್ರೆಡರಿಕ್ ಹೆಂಡ್ರಿಕ್ ಮ್ಯೂಸಿಯಂ ಇದೆ. ಆಗ್ನೇಯ ಕರಾವಳಿಗೆ ಹೋದರೆ ಅರ್ಧ ಗಂಟೆ ಅಲ್ಲಿ ನಿಲ್ಲಿ.

ಈಗ ಸೆಗಾ. ಹೋಟೆಲಿನ ಕುಣಿತ ನೋಡಬೇಡಿ ಅಂತ ನಾನು ಹೇಳುವುದಿಲ್ಲ, ಅಲ್ಲಿ ಹಾಡುವವರೂ ಅದರಿಂದಲೇ ಸಂಸಾರ ನಡೆಸುತ್ತಾರೆ. ಆದರೆ ಹೂವಿನ ಲಂಗ, ಕೀಬೋರ್ಡ್, ಊಟದ ಜೊತೆ ಇಪ್ಪತ್ತು ನಿಮಿಷ ಅಷ್ಟೇ ಸೆಗಾ ಅಂದುಕೊಂಡು ಬರಬೇಡಿ. ಗುಲಾಮರು ದಿನದ ದುಡಿಮೆ ಮುಗಿಸಿ ರಾತ್ರಿ ಬೆಂಕಿಯ ಸುತ್ತ ಹಾಡುತ್ತಿದ್ದ ಹಾಡು ಇದು. ಹಳೆಯ ರೀತಿಯ ಸೆಗಾಕ್ಕೆ ‘ಸೆಗಾ ತಿಪಿಕ್’ ಅನ್ನುತ್ತಾರೆ. 2014ರಲ್ಲಿ ಯುನೆಸ್ಕೊದ ಪಟ್ಟಿಗೂ ಸೇರಿತು. ವಾದ್ಯ ಮೂರೇ. ಮೇಕೆ ಚರ್ಮದ ಅಗಲವಾದ ರಾವಾನ್, ಒಳಗೆ ಬೀಜ ತುಂಬಿದ ಚಪ್ಪಟೆ ಪೆಟ್ಟಿಗೆ ಮಾರಾವಾನ್, ಒಂದು ಕಬ್ಬಿಣದ ತ್ರಿಕೋನ.

ರಾವಾನ್ ಕಾಯಿಸುವುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡಿ. ಒಣ ಎಲೆಗೆ ಬೆಂಕಿ ಹಚ್ಚುತ್ತಾರೆ. ಚರ್ಮದ ಕಡೆಯನ್ನು ಉರಿಗೆ ತೋರಿಸಿ ತಿರುಗಿಸುತ್ತಾ ನಡುನಡುವೆ ಬೆರಳಿನಿಂದ ತಟ್ಟಿ ನೋಡುತ್ತಾರೆ. ಮೊದಲು ಸದ್ದು ಸಪ್ಪೆ. ಚರ್ಮ ಬಿಗಿಯಾದ ಹಾಗೆ ನಾದ ಏರುತ್ತದೆ. ನಮ್ಮ ಊರುಗಳಲ್ಲಿ ಹಬ್ಬದ ಮುಂಚೆ ತಮಟೆ ಕಾಯಿಸುವುದನ್ನು ನೋಡಿದವರಿಗೆ ಆ ಹೊಗೆ ವಾಸನೆ ಕೂಡ ಗುರುತು ಸಿಗುತ್ತದೆ. ಆಮೇಲೆ ಒಬ್ಬರು ಹಾಡು ಎತ್ತಿಕೊಳ್ಳುತ್ತಾರೆ, ಉಳಿದವರು ಮರುದನಿ ಕೊಡುತ್ತಾರೆ. ಕುಣಿಯುವವರ ಪಾದ ನೆಲ ಬಿಟ್ಟು ಏಳುವುದೇ ಇಲ್ಲ, ಮರಳಿನ ಮೇಲೆ ಜಾರುತ್ತಾ ಸಾಗುತ್ತದೆ.

ಹೋಗುವ ಮೊದಲು ತಿ ಫ್ರೇರ್ ಎಂಬ ಗಾಯಕರ ಹಾಡು ಹುಡುಕಿ ಕೇಳಿ. 1992ರಲ್ಲಿ ತೀರಿಕೊಂಡ ಇವರು ಹಳೆಯ ಸೆಗಾದ ದೊಡ್ಡ ಹೆಸರು. ಮಗಳಿಗೆ ಕಾಯಾ ಇಷ್ಟವಾಗಬಹುದು. ಸೆಗಾ ಮತ್ತು ರೆಗೇ ಸೇರಿಸಿ ಸೆಗೇ ಎಂಬ ಹೊಸ ಧಾಟಿಯನ್ನು ಜನಪ್ರಿಯ ಮಾಡಿದ ಕ್ರಿಯೋಲ್ ಗಾಯಕ. 1999ರ ಫೆಬ್ರವರಿಯಲ್ಲಿ ಪೊಲೀಸ್ ವಶದಲ್ಲಿದ್ದಾಗ ಸತ್ತರು, ದ್ವೀಪದಲ್ಲಿ ಕೆಲವು ದಿನ ಗಲಭೆಯೇ ಆಯಿತು. ಹಿಂದುಳಿದುಬಿಟ್ಟಿದ್ದೇವೆ, ನಮ್ಮ ಮಾತು ಯಾರೂ ಕೇಳುವುದಿಲ್ಲ ಅನ್ನುವ ಕ್ರಿಯೋಲ್ ಜನರ ನೋವು ಅವತ್ತು ಬೀದಿಗೆ ಬಂದಿತ್ತು. ಅಧಿಕಾರದಲ್ಲಿ, ಸರ್ಕಾರಿ ನೌಕರಿಯಲ್ಲಿ ಭಾರತ ಮೂಲದವರೇ ಹೆಚ್ಚು ಅನ್ನುವ ಮಾತು ನಿಮ್ಮ ಕಿವಿಗೂ ಬೀಳಬಹುದು. ಬಿದ್ದರೆ ಕೇಳಿಸಿಕೊಳ್ಳಿ. ‘ನಾವು’ ಅಂತ ಪಕ್ಷ ವಹಿಸಿ ಉತ್ತರ ಕೊಡಲು ಹೋಗಬೇಡಿ.

ನಿಮ್ಮ ಅಳುಕಿನ ಪ್ರಶ್ನೆಗೂ ಇದೇ ಉತ್ತರ. ನೋಡಲು ಹೋಗುವುದು ತಪ್ಪಲ್ಲ, ಹೇಗೆ ಹೋಗುತ್ತೀರಿ ಅನ್ನುವುದು ಮುಖ್ಯ. ಸ್ಮಾರಕದ ಶಿಲ್ಪಗಳ ಮೇಲೆ ಹತ್ತಿ ಸೆಲ್ಫಿ ಬೇಡ. ಹಳ್ಳಿಯಲ್ಲಿ ಮಕ್ಕಳ ಫೋಟೋ ತೆಗೆಯುವ ಮೊದಲು ತಾಯಿಯನ್ನು ಕೇಳಿ. ‘ನೀವು ಆಫ್ರಿಕಾದವರಾ’ ಅಂತ ಕೇಳಬೇಡಿ, ಅವರು ಮಾರಿಷಸ್‌ನವರು. ಬಣ್ಣ, ಗುಂಗುರು ಕೂದಲಿನ ಬಗ್ಗೆ ನಮ್ಮವರು ಸಲೀಸಾಗಿ ಆಡುವ ಮಾತುಗಳಿವೆಯಲ್ಲ, ಅವು ಕನ್ನಡದಲ್ಲಿದ್ದರೂ ಬೇಡ. ಮುಖ ನೋಡಿದರೇ ಎದುರಿನವರಿಗೆ ಗೊತ್ತಾಗುತ್ತದೆ. ದ್ವೀಪದಲ್ಲಿ ಬಹುತೇಕ ಎಲ್ಲರ ಮನೆಮಾತು ಕ್ರಿಯೋಲ್ ಭಾಷೆ. ‘ಬೊಂಜೂರ್’ ಅಂದು ಮಾತು ಶುರು ಮಾಡಿ, ‘ಮೆರ್ಸಿ’ ಅಂದು ಮುಗಿಸಿ. ‘ಕಿ ಮಾನ್ಯೇರ್’ ಅಂದರೆ ಹೇಗಿದ್ದೀರಿ. ಇಷ್ಟಕ್ಕೇ ಎಷ್ಟು ಖುಷಿಪಡುತ್ತಾರೆ ನೋಡಿ.

ಊಟಕ್ಕೆ ತೊಂದರೆಯಿಲ್ಲ. ಬೀದಿಯ ದಾಲ್ ಪುರಿ ಎಲ್ಲ ಕಡೆ ಸಿಗುತ್ತದೆ. ಕ್ರಿಯೋಲ್ ಮನೆಯೂಟದಲ್ಲಿ ಮೀನು, ಆಕ್ಟೋಪಸ್ ಹೆಚ್ಚು. ಆದರೆ ಸೊಪ್ಪಿನ ಅಡುಗೆಯೂ ಬಹಳ. ಸೊಪ್ಪಿಗೆ ‘ಬ್ರೆದ್’ ಅನ್ನುತ್ತಾರೆ. ‘ಬ್ರೆದ್ ಮುರುಂ’ ಕೇಳಿ ತಿನ್ನಿ, ಅದು ನಮ್ಮ ನುಗ್ಗೆ ಸೊಪ್ಪೇ. ಟೊಮೆಟೊದ ರುಗಾಯ್ ತರಕಾರಿ ಹಾಕಿಯೂ ಮಾಡುತ್ತಾರೆ. ಒಣಮೀನು ಹಾಕಿಲ್ಲ ತಾನೇ ಅಂತ ಕೇಳಿಕೊಳ್ಳಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಪ್ರವಾಸಕ್ಕೆ ಹೋಗುವ ಭಾರತೀಯರು ಮೊದಲೇ ವೀಸಾ ಮಾಡಿಸಬೇಕಿಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಅಕ್ಟೋಬರ್ ಒಳ್ಳೆಯ ಕಾಲ, ಚಂಡಮಾರುತದ ಭಯ ಹೆಚ್ಚಿರುವುದು ಜನವರಿಯಿಂದ ಮಾರ್ಚ್‌ವರೆಗೆ. ಮ್ಯೂಸಿಯಂಗಳಿಗೆ ವಾರದ ದಿನಗಳಲ್ಲೇ ಹೋಗಿ. ಪೋರ್ಟ್ ಲೂಯಿಸ್‌ಗೆ ಹೋದ ದಿನವೇ ಪಕ್ಕದ ಸೇಂತ್ ಕ್ರುವಾದಲ್ಲಿರುವ ಫಾದರ್ ಲಾವಾಲ್ ಸಮಾಧಿಗೂ ಹೋಗಿ ಬನ್ನಿ. 1841ರಲ್ಲಿ ಬಂದು, ಆಗ ತಾನೇ ಬಿಡುಗಡೆಯಾದ ಗುಲಾಮರ ಜೊತೆ ಬದುಕಿದ ಫ್ರೆಂಚ್ ಪಾದ್ರಿ ಅವರು. ಸೆಪ್ಟೆಂಬರ್ 8ರ ರಾತ್ರಿ ಎಲ್ಲ ಧರ್ಮದವರೂ ಅಲ್ಲಿಗೆ ನಡೆದುಕೊಂಡು ಹೋಗುತ್ತಾರೆ. ನಿಮಗೆ ಆ ರಾತ್ರಿ ಸಿಗುವುದಿಲ್ಲ, ಆದರೆ ಉಳಿದ ದಿನಗಳಲ್ಲೂ ಹಿಂದೂಗಳು, ಕ್ರಿಶ್ಚಿಯನ್ನರು ಒಟ್ಟಿಗೆ ಹೂವು ಹಿಡಿದು ನಿಂತಿರುವುದು ಕಾಣುತ್ತದೆ.

ಪ್ಯಾಕೇಜನ್ನು ಇನ್ನೂ ಬದಲಾಯಿಸಬಹುದು ಅಂತಾದರೆ ಎರಡು ದಿನ ಕದ್ದು ರೊಡ್ರಿಗಸ್‌ಗೆ ಹೋಗಿ. ಮಾರಿಷಸ್‌ಗೇ ಸೇರಿದ, ಪೂರ್ವಕ್ಕೆ ಸುಮಾರು 600 ಕಿಲೋಮೀಟರ್ ದೂರದ ಸಣ್ಣ ದ್ವೀಪ. ವಿಮಾನದಲ್ಲಿ ಒಂದೂವರೆ ಗಂಟೆ. ಅಲ್ಲಿ ಬಹುತೇಕ ಎಲ್ಲರೂ ಕ್ರಿಯೋಲ್ ಜನವೇ. ಅವರ ಸೆಗಾ ತಂಬೂರ್ ಮುಖ್ಯ ದ್ವೀಪದ ಸೆಗಾಗಿಂತ ಚುರುಕು, ಅದನ್ನೂ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿಸಿದರು. ಶನಿವಾರ ಬೆಳಗ್ಗೆ ಪೋರ್ಟ್ ಮಾತುರಿನ್ ಸಂತೆ ಇರುತ್ತದೆ, ಹಾಗಾಗಿ ಶುಕ್ರವಾರವೇ ಅಲ್ಲಿರುವ ಹಾಗೆ ಟಿಕೆಟ್ ಮಾಡಿಸಿ. ಉಪ್ಪಿನಕಾಯಿ, ಜೇನು, ಹುಲ್ಲಿನ ಟೋಪಿ ಎಲ್ಲ ಮಾಡಿದವರೇ ತಂದು ಮಾರುತ್ತಾರೆ. ಬೆಳಗ್ಗೆ ಏಳಕ್ಕೇ ಹೋಗಿ, ಹತ್ತರ ಹೊತ್ತಿಗೆ ಒಳ್ಳೆಯದೆಲ್ಲ ಖಾಲಿಯಾಗಿರುತ್ತದೆ.